ತುದಿಯ ‘ಎ’ ಸಾಲು ಎಲ್ಲಿಯದು? ಜೋಳದ ಸಿಡಿಎನ್‌ಎ ಫೈಲುಗಳಲ್ಲಿ ಪಾಲಿ-ಎ ಬಾಲ, ಉಳಿದ ವೆಕ್ಟರ್ ಚೂರು

ಎರೆಹೊಲ (ವಿಜಯಪುರ), ಸೋಮವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಹಿಂಗಾರಿ ಜೋಳದ ಕೆಲಸ. ಎಂ 35-1, ನಮ್ಮ ಕಡೆ ಮಾಲ್ದಂಡಿ ಅಂತಾರಲ್ಲ, ಅದೇ. ನೀರು ನಿಲ್ಲಿಸಿ ಬಾಡಿಸಿದ ಗಿಡಗಳ ಎಲೆಯಿಂದ ನಮ್ಮ ಸೀನಿಯರ್ ಒಬ್ಬರು ಸಿಡಿಎನ್‌ಎ ಲೈಬ್ರರಿ ಮಾಡಿಟ್ಟಿದ್ದರು. ಅಂದರೆ ಜೀನ್‌ಗಳ ನಕಲಾದ ಎಂಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡಿ, ಒಂದೊಂದನ್ನೂ ವೆಕ್ಟರ್ ಅನ್ನೋ ಹೊತ್ತೊಯ್ಯುವ ಡಿಎನ್‌ಎಗೆ ಸೇರಿಸಿಟ್ಟ ಸಂಗ್ರಹ. ಅವರು ನೌಕರಿ ಸಿಕ್ಕು ಹೋದರು. ಫ್ರೀಜರ್‌ನಲ್ಲಿದ್ದ 96 ಕುಳಿಯ ಒಂದು ಪ್ಲೇಟು ನನ್ನ ಪಾಲಿಗೆ ಬಂತು. ಎಲ್ಲವನ್ನೂ ಸ್ಯಾಂಗರ್ ವಿಧಾನದಲ್ಲಿ ಟಿ3 ಪ್ರೈಮರ್‌ನಿಂದ (ಓದು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಓದಿಸಿದೆವು, ಪ್ಲೇಟಿನ ಒಂದು ಸಾಲಿನ 12 ಕ್ಲೋನುಗಳನ್ನು (ಕುಳಿಗೊಂದರಂತೆ ಇರುವ ಸಿಡಿಎನ್‌ಎ) ಎದುರು ತುದಿಯ ಟಿ7ನಿಂದಲೂ ಓದಿಸಿದೆವು. ಗೈಡ್ ಹೇಳಿದ್ದು ಒಂದೇ ಮಾತು: ‘ಕ್ಲೀನ್ ಮಾಡಿ ಅಸೆಂಬಲ್ ಮಾಡು.’ ಅಂದರೆ ಗಿಡದ್ದಲ್ಲದ ಚೂರು ತೆಗೆದು, ಹೊಂದುವ ಓದುಗಳನ್ನು ಜೋಡಿಸು ಅಂತ.

ಕ್ಲೀನ್ ಮಾಡಿದೆ. ಆಮೇಲೆ ಶುರುವಾಯಿತು ಗೋಳು.

ಒಂದು, ಕೆಲವು ಫೈಲುಗಳು ‘ಟಿ’ಗಳಿಂದಲೇ ಶುರುವಾಗುತ್ತವೆ. ಪಾಲಿ-ಎ ಬಾಲ ಅಂದರೆ ಎಂಆರ್‌ಎನ್‌ಎಯ ತುದಿಯ ‘ಎ’ಗಳ ಸಾಲು, ಹಾಗಾದರೆ ಕೊನೆಯಲ್ಲಿ ‘ಎ’ ಇರಬೇಕಲ್ವಾ? ಎರಡು, ಹೆಚ್ಚುಕಡಿಮೆ ಎಲ್ಲಾ ಟಿ3 ಫೈಲುಗಳ ಆರಂಭದಲ್ಲೂ ಜಿಎಎಟಿಟಿಸಿ-ಜಿಜಿಸಿಎಸಿಜಿಎಜಿ ಇದೆ. ಜೋಳದ ಎಲ್ಲಾ ಜೀನ್‌ಗಳೂ ಒಂದೇ ಥರ ಶುರುವಾಗೋದು ಸಾಧ್ಯವೇ ಇಲ್ಲ. ಆದರೆ ವೆಕ್ಟರ್ ಚೂರು ಹುಡುಕುವ ವೆಕ್‌ಸ್ಕ್ರೀನ್‌ಗೆ ಹಾಕಿದರೆ ‘ಏನೂ ಸಿಕ್ಕಿಲ್ಲ’ ಅನ್ನುತ್ತದೆ. ಮೂರು, ಬಿ7 ಅನ್ನೋ ಕ್ಲೋನಿನಲ್ಲಿ ನಡುವೆಯೇ 18 ‘ಎ’, ಆಮೇಲೆ ಸಿಟಿಸಿಜಿಎಜಿ, ಆಮೇಲೆ ಮತ್ತೇನೋ. ನಾಲ್ಕು, ಇ4. ಇದು ಡಿಹೈಡ್ರಿನ್, ಬರ ಬಂದಾಗ ಗಿಡ ಮಾಡಿಕೊಳ್ಳುವ ಪ್ರೋಟೀನು, ನನಗೆ ಬೇಕಾದದ್ದೇ ಅದು. ಆದರೆ ಕ್ಲೀನ್ ಮಾಡಿದ ಮೇಲೆ ಸ್ಟಾಪ್ ಕೋಡಾನ್ (ಪ್ರೋಟೀನು ಮುಗಿಯುವ ಗುರುತು) ಬರುವ ಮೊದಲೇ ಮುಗಿದುಹೋಗಿದೆ.

(ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನಾಲಿಗೆ ತೊಡರಿದರೆ ಬೈಯಬೇಡಿ.)

ಕುಂದಾಪ್ರಿಯೆ (ಬೆಳಗಾವಿ), ಸೋಮವಾರ ರಾತ್ರಿ 10:35

ಮೊದಲ ಪ್ರಶ್ನೆ ನನ್ನದು. ಲೈಬ್ರರಿ ಹೇಗೆ ಮಾಡಿದ್ದು ಅಂತ ಬರೆದಿಟ್ಟ ಚೀಟಿ ಇದೆಯಾ? ಯಾವ ವೆಕ್ಟರ್, ಯಾವ ಪ್ರೈಮರ್, ಯಾವ ಅಡಾಪ್ಟರ್? ಅದು ಗೊತ್ತಿಲ್ಲದೆ ಕ್ಲೀನ್ ಮಾಡಲು ಕೂತರೆ ಯಾರ ಮನೆ ಬಾಗಿಲು ಅಂತ ಗೊತ್ತಿಲ್ಲದೆ ಬೀಗ ಒಡೆದಂತೆ.

ಆದರೂ ನೀವು ಕೊಟ್ಟ ಆ 14 ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ಜಿಎಎಟಿಟಿಸಿ ಅಂದರೆ ಇಕೋ-ಆರ್-ಒನ್ ಎಂಜೈಮು ಕತ್ತರಿಸುವ ಜಾಗ. ಅದರ ಹಿಂದೆ ಬರುವ ಜಿಜಿಸಿಎಸಿಜಿಎಜಿ ಅನ್ನೋದು ಲ್ಯಾಂಬ್ಡಾ ಜ್ಯಾಪ್ ಅನ್ನೋ ಕಿಟ್‌ನ ಲೈಬ್ರರಿಗಳಲ್ಲಿ ಹಾಕುವ ಅಡಾಪ್ಟರ್‌ನ ಚೂರು. 9 ಅಕ್ಷರದ ಒಂದು ಎಳೆ, 13 ಅಕ್ಷರದ ಇನ್ನೊಂದು ಎಳೆ, ಎರಡೂ ಜೋಡಿಯಾಗಿ ಸಿಡಿಎನ್‌ಎಯ ತುದಿಗೆ ಅಂಟುತ್ತವೆ. ಹಳೆಯ ಇಎಸ್‌ಟಿಗಳಲ್ಲಿ (ಸಿಡಿಎನ್‌ಎಯ ತುಂಡು ಓದುಗಳು) ಇದು ಎಷ್ಟು ಕಡೆ ಉಳಿದುಕೊಂಡಿದೆ ಅಂದರೆ, ಕೆಲವರು ಇದನ್ನು ಜೀನಿನ ಭಾಗ ಅಂತಲೇ ನಂಬಿದ್ದರು.

ವೆಕ್‌ಸ್ಕ್ರೀನ್ ಯಾಕೆ ಹಿಡಿಯಲಿಲ್ಲ? ಲೆಕ್ಕ ಸರಳ. ಅಲ್ಲಿ ಹೊಂದುವ ಪ್ರತಿ ಅಕ್ಷರಕ್ಕೆ 1 ಅಂಕ. ಫೈಲಿನ ತುದಿಯ 25 ಅಕ್ಷರದೊಳಗೆ ಸಿಕ್ಕ ಹೋಲಿಕೆಗೆ 24 ಅಥವಾ ಹೆಚ್ಚು ಅಂಕ ಬಂದರೆ ‘ಗಟ್ಟಿ’, 19ರಿಂದ 23 ಆದರೆ ‘ಮಧ್ಯಮ’, 16ರಿಂದ 18 ಆದರೆ ‘ದುರ್ಬಲ’. ನಿಮ್ಮ ಚೂರು 14 ಅಕ್ಷರ. ಎಲ್ಲವೂ ಸರಿಯಾಗಿ ಹೊಂದಿದರೂ 14 ಅಂಕ. 16ರ ಬಾಗಿಲೇ ದಾಟಲ್ಲ. ಕಚ್ಚಾ ಫೈಲು ಹಾಕಿದ್ದರೆ ಇದಕ್ಕಿಂತ ಮೊದಲು ಪಿಬ್ಲೂಸ್ಕ್ರಿಪ್ಟ್ ವೆಕ್ಟರ್‌ನ ಉದ್ದ ಸಾಲು ಇರುತ್ತಿತ್ತು, ಪಕ್ಕಾ ಹಿಡಿಯುತ್ತಿತ್ತು. ನೀವು ಮೊದಲು ಅರ್ಧ ಕತ್ತರಿಸಿ, ಆಮೇಲೆ ಪರೀಕ್ಷೆಗೆ ಹಾಕಿದ್ದೀರಿ. ಕಳ್ಳನ ತಲೆ ಬೋಳಿಸಿ ಆಮೇಲೆ ಫೋಟೋ ತೋರಿಸಿದರೆ ಯಾರು ಗುರುತು ಹಿಡಿಯುತ್ತಾರೆ?

‘ಟಿ’ಗಳಿಂದ ಶುರುವಾಗುವ ಫೈಲುಗಳು ಆ ಟಿ7 ಸಾಲಿನವೇ ಅಲ್ವಾ, ನೋಡಿ ಹೇಳಿ.

ಎರೆಹೊಲ, ಮಂಗಳವಾರ ಬೆಳಗ್ಗೆ 11:15

ಹೌದು ಅಕ್ಕಾ! ಟಿ7 ಸಾಲಿನ 12ರಲ್ಲಿ 10 ಹಾಗೇ ಇವೆ. ಬೀರುವಿನಲ್ಲಿ ಸೀನಿಯರ್ ಅವರ ನೋಟ್‌ಬುಕ್ಕೂ ಸಿಕ್ಕಿತು. ಒಂದು ಪುಟದ ಮೇಲೆ ಚಹಾ ಬಿದ್ದಿದೆ, ಆದರೂ ಓದಬಹುದು. ‘ಎಕ್ಸ್‌ಹೋ-ಒನ್ ಲಿಂಕರ್ ಪ್ರೈಮರ್, 50-ಮರ್. ಇಕೋ-ಆರ್-ಒನ್ ಅಡಾಪ್ಟರ್. ಪಿಬ್ಲೂಸ್ಕ್ರಿಪ್ಟ್ ಎಸ್‌ಕೆ’ ಅಂತ ಇದೆ.

ಆದರೆ ‘ಟಿ’ ಯಾಕೆ ಅನ್ನೋದು ಇನ್ನೂ ತಲೆಗೆ ಹೋಗಿಲ್ಲ.

ಹಳೆಜೆಲ್ (ಬೆಳಗಾವಿ, ಈಗ ನಿವೃತ್ತ), ಮಂಗಳವಾರ ಮಧ್ಯಾಹ್ನ 2:05

ತಮ್ಮಾ, ಇದನ್ನ ನಾನು ಹೇಳ್ತೀನಿ. ಇಂಥ ಲೈಬ್ರರಿ ಕೈಯಾರೆ ಮಾಡಿದವನು ನಾನು.

ಎಂಆರ್‌ಎನ್‌ಎಯ ಕೊನೆಗೆ ‘ಎ’ಗಳ ಬಾಲ ಇರುತ್ತದೆ. ಇದು ಡಿಎನ್‌ಎಯಲ್ಲಿ ಬರೆದಿರೋದಲ್ಲ. ಆರ್‌ಎನ್‌ಎ ತಯಾರಾಗಿ ತುದಿ ಕತ್ತರಿಸಿದ ಮೇಲೆ ಒಂದು ಎಂಜೈಮು ಹಿಂದಿನಿಂದ ಅಂಟಿಸುತ್ತದೆ. ನಾವು ಆ ಬಾಲಕ್ಕೆ ‘ಟಿ’ಗಳ ಪ್ರೈಮರ್ ಕೂಡಿಸಿ ಸಿಡಿಎನ್‌ಎ ಎಳೀತೀವಿ. ನಿನ್ನ 50 ಅಕ್ಷರದ ಪ್ರೈಮರ್ ಹೀಗಿರುತ್ತದೆ ನೋಡು: ಮೊದಲು ಜಿಎ-ಜಿಎ-ಜಿಎ ಅಂತ 20 ಅಕ್ಷರ, ಆಮೇಲೆ ಎಸಿಟಿಎಜಿಟಿ, ಆಮೇಲೆ ಎಕ್ಸ್‌ಹೋ ಎಂಜೈಮು ಕತ್ತರಿಸುವ ಜಾಗ ಸಿಟಿಸಿಜಿಎಜಿ, ಕೊನೆಗೆ 18 ‘ಟಿ’. ಕೂಡಿಸು: 20, 6, 6, 18. ಐವತ್ತು ಆಯ್ತಾ?

ಸಿಡಿಎನ್‌ಎಯ ತಲೆ ಕಡೆ ಇಕೋ ಅಡಾಪ್ಟರ್, ಬಾಲದ ಕಡೆ ಎಕ್ಸ್‌ಹೋ. ವೆಕ್ಟರ್‌ನಲ್ಲಿ ಟಿ3 ಪ್ರೈಮರ್ ಕೂರೋದು ಇಕೋ ಕಡೆ, ಟಿ7 ಎಕ್ಸ್‌ಹೋ ಕಡೆ. ಟಿ3ನಿಂದ ಓದಿದರೆ ತಲೆಯಿಂದ ಬಾಲಕ್ಕೆ ಬರ್ತೀಯ, ಕೊನೆಗೆ ‘ಎ’. ಟಿ7ನಿಂದ ಓದಿದರೆ ಬಾಲದ ಕಡೆಯಿಂದ, ಅದೂ ಎದುರಿನ ಎಳೆ. ‘ಎ’ಗೆ ಎದುರು ‘ಟಿ’. ಅಷ್ಟೇ. ಆ 10 ಫೈಲುಗಳನ್ನು ತಿರುಗಿಸಿ ಪೂರಕ ಎಳೆ ಮಾಡಿಕೋ, ಎಲ್ಲಾ ಸರಿ ಕಾಣ್ತದೆ.

ಇನ್ನೊಂದು. ನಿನ್ನ ಬಿ7ನಲ್ಲಿ 18 ‘ಎ’ ಅಂದೆಯಲ್ಲ, ಅದು ಗಿಡದ ಬಾಲದ ಅಳತೆ ಅಲ್ಲ. ನಮ್ಮ ಪ್ರೈಮರ್‌ನ 18 ‘ಟಿ’ಯ ನೆರಳು. ಸಸ್ತನಿಗಳಲ್ಲಿ ಹೊಸ ಎಂಆರ್‌ಎನ್‌ಎಯ ಬಾಲ 200-250 ಅಕ್ಷರ, ಯೀಸ್ಟ್‌ನಲ್ಲಿ 70ರ ಆಸುಪಾಸು. ಇಂಥ ಲೈಬ್ರರಿಯಲ್ಲಿ ಪ್ರೈಮರ್ ಬಾಲದ ಯಾವ ಜಾಗಕ್ಕಾದರೂ ಕೂರಬಹುದು, ಆದ್ದರಿಂದ 18 ಬಂದೀತು, 30 ಬಂದೀತು. ಅದರ ಮೇಲೆ ಥೀಸಿಸ್‌ನಲ್ಲಿ ಗ್ರಾಫ್ ಹಾಕಬೇಡ. ಹಾಕಿದವರನ್ನು ನೋಡಿದ್ದೀನಿ.

ಹಾಂ, ಟಿ7ನ 12ರಲ್ಲಿ 10 ಅಂದೆ. ಉಳಿದ ಎರಡನ್ನೂ ಕಣ್ಣಿಟ್ಟು ನೋಡು. ಇಕೋ ಜಾಗದ ಪಕ್ಕದಲ್ಲೇ ಜಿಎಟಿಎಟಿಸಿ, ಎಎಜಿಸಿಟಿಟಿ ಒಟ್ಟಿಗೆ ಕಂಡರೆ, ಅಡಾಪ್ಟರೂ ಇಲ್ಲದಿದ್ದರೆ, ಅದು ಖಾಲಿ ವೆಕ್ಟರ್. ಒಳಗೆ ಸಿಡಿಎನ್‌ಎ ಹೋಗೇ ಇಲ್ಲ.

ಇಳಕಲ್_ಸೆರಗು (ಬಾಗಲಕೋಟೆ), ಮಂಗಳವಾರ ಸಂಜೆ 6:40

ನನ್ನ ಕಥೆಯನ್ನೂ ಕೇಳಿ, ನಗು ಬಂದರೆ ನಗಿ.

ನಾನು ದಾಳಿಂಬೆ ಹೂವಿನ ಸಿಡಿಎನ್‌ಎ ಮಾಡಿದ್ದೆ. ಸ್ಮಾರ್ಟ್ ಅನ್ನೋ ಇನ್ನೊಂದು ವಿಧಾನ. ಓದಿಸಿದ ಕಡೆಯಿಂದ ಬಂದ ಇಮೇಲ್‌ನಲ್ಲಿ ‘ವೆಕ್ಟರ್ ತೆಗೆದು ಕೊಟ್ಟಿದ್ದೇವೆ’ ಅಂತ ಇತ್ತು. ನಂಬಿದೆ. ನೇರ ಓದುಗಳನ್ನು ಜೋಡಿಸುವ ಕ್ಯಾಪ್3ಗೆ ಹಾಕಿದೆ. ನೂರಾರು ಫೈಲು ಸೇರಿ ಒಂದೇ ಒಂದು ದೈತ್ಯ ಕಾಂಟಿಗ್ (ಓದುಗಳು ಕೂಡಿ ಆದ ಉದ್ದ ಸಾಲು) ಬಂತು! ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಬನಶಂಕರಿ ಜಾತ್ರೆಗೆ ಹೊರಟ ಜನರ ಹಾಗೆ, ಸಂಬಂಧವೇ ಇಲ್ಲದವರು ಒಬ್ಬರ ಮೇಲೊಬ್ಬರು. ಒಂದು ಗಳಿಗೆ ಖುಷಿಯೂ ಆಗಿತ್ತು, ಎಷ್ಟು ದೊಡ್ಡ ಜೀನ್ ಸಿಕ್ಕಿತು ಅಂತ.

ಆಗಿದ್ದೇನೆಂದರೆ, ವೆಕ್ಟರ್ ತೆಗೆದಿದ್ದರು, ಅಡಾಪ್ಟರ್ ಹಾಗೇ ಇತ್ತು. ಸ್ಮಾರ್ಟ್‌ನಲ್ಲಿ ಎಎಜಿಸಿಎಜಿಟಿಜಿಜಿಟಿಎಟಿಸಿಎಎಸಿಜಿಸಿಎಜಿಎಜಿಟಿ ಅನ್ನೋ 23 ಅಕ್ಷರ ಎರಡೂ ತುದಿಗೂ ಇರುತ್ತವೆ, ಒಂದೇ ಪ್ರೈಮರ್‌ನಿಂದ ಪಿಸಿಆರ್ ಮಾಡಲು. ಅಸೆಂಬ್ಲಿ ಸಾಫ್ಟ್‌ವೇರ್‌ಗೆ ಅದು ಅಡಾಪ್ಟರ್ ಅಂತ ಹೇಗೆ ಗೊತ್ತಾಗಬೇಕು? ಅದರ ಜೊತೆ ‘ಎ’ ಬಾಲವೂ ಸೇರಿತು. ಎಲ್ಲರ ತಲೆಯೂ ಒಂದೇ, ಬಾಲವೂ ಒಂದೇ. ಹಾಗಾಗಿ ಎಲ್ಲರೂ ನೆಂಟರು.

ಇನ್ನೊಂದು ತೊಂದರೆ. ಎರಡೂ ತುದಿಗೆ ಒಂದೇ ಸಾಲು ಇದ್ದರೆ ಅದನ್ನು ನೋಡಿ ದಿಕ್ಕು ಹೇಳಲು ಆಗಲ್ಲ. ಅಡಾಪ್ಟರ್ ಮುಗಿದ ಮೇಲೆ ಏನಿದೆ ಅಂತ ನೋಡಬೇಕು. ತಲೆ ಕಡೆಯಾದರೆ ಜಿಜಿಜಿ, ಬಾಲದ ಕಡೆಯಾದರೆ ‘ಟಿ’ ಸಾಲು. ನಾನು ಎಲ್ಲವನ್ನೂ ಕಣ್ಣುಮುಚ್ಚಿ ಕತ್ತರಿಸಿ, ಆಮೇಲೆ ದಿಕ್ಕು ಹುಡುಕುತ್ತಾ ಕೂತೆ. ಈಗ ಕತ್ತರಿಸುವ ಮೊದಲು ಪ್ರತಿ ಫೈಲಿಗೆ ಒಂದು ಸಾಲು ಬರೆದುಕೊಳ್ಳುತ್ತೇನೆ: ಯಾವ ತುದಿಯಲ್ಲಿ ಏನಿತ್ತು, ಎಷ್ಟನೇ ಅಕ್ಷರದಲ್ಲಿ.

ನಮ್ಮ ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೊಂಡಿ ಎಲ್ಲಿದೆ ಅಂತ ಗೊತ್ತಿದ್ದವರಿಗೆ ಒಡಲು ಎಲ್ಲಿ ಮುಗಿಯಿತು ಅಂತ ಹೇಳಬೇಕಾಗಿಲ್ಲ. ಅಡಾಪ್ಟರೂ ಹಾಗೇ. ಬಿ7ನಲ್ಲಿ ಕೊಂಡಿ ನಡು ಒಡಲಲ್ಲಿ ಬಂದಿದೆ, ಅದೇ ಅನುಮಾನ.

ಸಂಶಯರಾಯ (ವಿಜಯಪುರ), ಮಂಗಳವಾರ ರಾತ್ರಿ 8:20

ಒಂದು ಅಡ್ಡಮಾತು. ಬಿ7ನಲ್ಲಿ ಎರಡು ಜೀನ್ ನಿಜವಾಗಲೂ ಕೂಡಿಕೊಂಡಿರಬಾರದಾ? ಎಲ್ಲದಕ್ಕೂ ಲ್ಯಾಬಿನ ತಪ್ಪು ಅನ್ನೋದು ಯಾಕೆ?

ಕುಂದಾಪ್ರಿಯೆ, ಮಂಗಳವಾರ ರಾತ್ರಿ 9:10

ಕೂಡಿಕೊಳ್ಳಬಹುದು, ಪ್ರಕೃತಿಯಲ್ಲಿ ಅಂಥವು ಇವೆ. ಆದರೆ ಜೋಳದ ಗಿಡ ತನ್ನ ಎರಡು ಜೀನ್‌ಗಳ ನಡುವೆ ನಮ್ಮ ಕಿಟ್‌ನ ಎಕ್ಸ್‌ಹೋ ಲಿಂಕರ್ ಇಟ್ಟುಕೊಳ್ಳಲ್ಲ ರೀ. 18 ‘ಎ’ ಆದ ಕೂಡಲೇ ಸಿಟಿಸಿಜಿಎಜಿ ಬಂತು ಅಂದರೆ ಅದು ಟ್ಯೂಬಿನಲ್ಲಿ ಆದ ಮದುವೆ.

ಎರೆಹೊಲ, ಆ ಸಿಟಿಸಿಜಿಎಜಿ ಆದಮೇಲೆ ಏನಿದೆ? ಸಾಮಾನ್ಯ ಕ್ಲೋನಾದರೆ ಜಿಜಿಜಿಜಿಜಿಜಿಸಿಸಿಸಿ ಅಂತ ವೆಕ್ಟರ್ ಶುರುವಾಗಬೇಕು.

ಎರೆಹೊಲ, ಮಂಗಳವಾರ ರಾತ್ರಿ 9:25

‘ಟಿ’. ಹದಿನೆಂಟೋ ಇಪ್ಪತ್ತೋ. ಆಮೇಲೆ ಓದಿನ ಗ್ರಾಫಿನಲ್ಲಿ, ಅಕ್ಷರಕ್ಕೊಂದು ಶಿಖರ ಬರುತ್ತದಲ್ಲ, ಆ ಶಿಖರಗಳೆಲ್ಲಾ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಬಿ7ಗೆ ಟಿ7 ಓದು ಇಲ್ಲ, ಅದು ಬೇರೆ ಸಾಲಿನದು.

ಕುಂದಾಪ್ರಿಯೆ, ಮಂಗಳವಾರ ರಾತ್ರಿ 9:40

ಹಾಗಾದರೆ ಬಾಲಕ್ಕೆ ಬಾಲ ಕಟ್ಟಿದೆ. ಎರಡು ಸಿಡಿಎನ್‌ಎಗಳ ಎಕ್ಸ್‌ಹೋ ತುದಿಗಳು ಒಂದಕ್ಕೊಂದು ಅಂಟಿವೆ: ಮೊದಲ ಜೀನ್, ಎ-ಎ-ಎ, ಎಕ್ಸ್‌ಹೋ, ಟಿ-ಟಿ-ಟಿ, ಎರಡನೇ ಜೀನ್ ಉಲ್ಟಾ. ಹೀಗಾದರೆ ಹೊರಗಿನ ಎರಡೂ ತುದಿಗಳು ಇಕೋ. ಅದು ಇಕೋ ಒಂದರಿಂದಲೇ ಕತ್ತರಿಸಿ, ಎಕ್ಸ್‌ಹೋ ತಪ್ಪಿಸಿಕೊಂಡ ವೆಕ್ಟರ್‌ನೊಳಗೆ ಮಾತ್ರ ಕೂರಲು ಸಾಧ್ಯ.

ಇದನ್ನು ಪರೀಕ್ಷೆ ಮಾಡಬಹುದು. ಬಿ7 ಒಂದನ್ನೇ ಟಿ7ನಿಂದ ಓದಿಸಿ. ನನ್ನ ಮಾತು ನಿಜವಾದರೆ ಸಿಟಿಸಿಜಿಎಜಿ ಆದಮೇಲೆ ‘ಟಿ’ ಬರಲ್ಲ. ವೆಕ್ಟರ್‌ನ ಎಎಜಿಸಿಟಿಟಿ, ಜಿಎಟಿಎಟಿಸಿ ಎಲ್ಲಾ ಇಡಿಯಾಗಿ ಬಂದು, ಆಮೇಲೆ ಜಿಎಎಟಿಟಿಸಿ-ಜಿಜಿಸಿಎಸಿಜಿಎಜಿ ಬರುತ್ತದೆ. ಅಂದರೆ ಟಿ7 ಕಡೆಯಿಂದಲೂ ‘ತಲೆ’ಯೇ ಕಾಣಬೇಕು.

ಕಲಸುಮೇಲೋಗರದ ಬಗ್ಗೆ: ಒಂದೇ ಅಕ್ಷರ ಸಾಲಾಗಿ ಬಂದರೆ ನಕಲು ಮಾಡುವ ಎಂಜೈಮು, ಪಾಲಿಮರೇಸ್, ಜಾರುತ್ತದೆ. ಒಂದು ಪ್ರತಿಗೆ 17, ಇನ್ನೊಂದಕ್ಕೆ 18, ಮತ್ತೊಂದಕ್ಕೆ 19. ಆಮೇಲಿನ ಶಿಖರಗಳು ಒಂದೊಂದು ಹೆಜ್ಜೆ ಹಿಂದೆಮುಂದೆ ಆಗಿ ಮಿಶ್ರ ಕಾಣುತ್ತವೆ. ಟಿ7ನಿಂದ ಓದುವಾಗ ಬಾಲ ಮೊದಲೇ ಸಿಗುವುದರಿಂದ ಇಡೀ ಫೈಲು ಕೆಡುತ್ತದೆ. ಅದಕ್ಕೇ ಕೆಲವರು ‘ಟಿ’ಗಳ ಕೊನೆಗೆ ಎ, ಸಿ, ಜಿ ಯಾವುದಾದರೂ ಒಂದು ಇರುವ ಪ್ರೈಮರ್ ಹಾಕಿ, ಬಾಲದ ಬುಡಕ್ಕೇ ಕೂರಿಸಿ ಓದಿಸುತ್ತಾರೆ.

ಇ4 ಬಗ್ಗೆ ನನ್ನ ಊಹೆ: ಪ್ರೈಮರ್ ಬಾಲಕ್ಕೆ ಕೂರದೆ ಜೀನಿನ ನಡುವೆ ‘ಎ’ ಜಾಸ್ತಿ ಇರುವ ಕಡೆ ಕೂತಿದೆ. ಡಿಹೈಡ್ರಿನ್‌ನಲ್ಲಿ ಕೆ-ಖಂಡ ಅಂತ 15 ಅಮೈನೋ ಆಮ್ಲದ ತುಂಡು ಇದೆ, ಅದರಲ್ಲಿ 5 ಲೈಸಿನ್. ಲೈಸಿನ್‌ನ ಕೋಡಾನ್ (ಮೂರಕ್ಷರದ ಗುರುತು) ಎಎಎ ಅಥವಾ ಎಎಜಿ. ‘ಟಿ’ ಪ್ರೈಮರ್‌ಗೆ ಅದು ಬಾಲದ ಥರವೇ ಕಂಡೀತು. ಜೋಳದ ಜೀನೋಮು 2009ರಲ್ಲೇ ಬಂದಿದೆಯಲ್ಲ, ಬಿಟಿಎಕ್ಸ್623 ತಳಿಯದು. ಅದರ ಜೊತೆ ಹೋಲಿಸಿ. ಆ ‘ಎ’ಗಳು ಜೀನೋಮಿನಲ್ಲೂ ಇದ್ದರೆ ಅದು ಬಾಲವಲ್ಲ. ನಿಜವಾದ ಬಾಲ ಶುರುವಾದ ಜಾಗದಿಂದ ಜೀನೋಮಿನ ಜೊತೆ ಹೊಂದಾಣಿಕೆ ತಪ್ಪಬೇಕು.

ಸಂಶಯರಾಯ, ಮಂಗಳವಾರ ರಾತ್ರಿ 10:15

ಬಾಲ ನಿಜವೋ ಅಲ್ಲವೋ ಅಂತ ನೋಡಲು ಬಾಲ ಹಾಕುವ ಸೂಚನೆಯಾದ ಎಎಟಿಎಎಎ ಇದೆಯಾ ಅಂತ ಹುಡುಕಿದರೆ ಸಾಕಲ್ವಾ? ಬಾಲಕ್ಕಿಂತ 10-30 ಅಕ್ಷರ ಮೊದಲು ಬರುತ್ತದೆ ಅಂತ ಓದಿದ್ದೆ.

ಹಳೆಜೆಲ್, ಬುಧವಾರ ಬೆಳಗ್ಗೆ 7:30

ಅದು ಪ್ರಾಣಿಗಳ ಪಾಠ. ಗಿಡಗಳಲ್ಲಿ ಅಷ್ಟು ಕಟ್ಟುನಿಟ್ಟು ಇಲ್ಲ. ಅರಾಬಿಡಾಪ್ಸಿಸ್ ಅನ್ನೋ ಗಿಡದಲ್ಲಿ ಸರಿಯಾಗಿ ಎಎಟಿಎಎಎ ಇರೋದು ಹತ್ತರಲ್ಲಿ ಒಂದು ಜೀನಿಗೆ. ಇದ್ದರೆ ಒಳ್ಳೇದು. ಇಲ್ಲ ಅಂತ ಬಾಲವನ್ನ ಸುಳ್ಳು ಅನ್ನಬೇಡ.

ಎರೆಹೊಲ, ಬುಧವಾರ ಸಂಜೆ 5:50

ಅಕ್ಕಾ, ಇ4 ವಿಷಯದಲ್ಲಿ ನಿಮ್ಮ ಊಹೆ ತಪ್ಪಿತು! ಸಿಟ್ಟಾಗಬೇಡಿ.

ಕಚ್ಚಾ ಫೈಲು ತೆಗೆದು ಗ್ರಾಫ್ ನೋಡಿದೆ. ‘ಎ’ ಸಾಲು ಆದಮೇಲೂ ಓದು ಚೆನ್ನಾಗಿ ಮುಂದುವರಿದಿದೆ. ಸ್ಟಾಪ್ ಕೋಡಾನ್ ಇದೆ. ಅದಾದ ಮೇಲೆ ಇನ್ನೂ ಒಂದಷ್ಟು ದೂರ ಹೋಗಿ ನಿಜವಾದ ಬಾಲ, ಎಕ್ಸ್‌ಹೋ, ವೆಕ್ಟರ್, ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆದಂತೆ. ಅಂದರೆ ಕ್ಲೋನು ಪೂರ್ತಿ ಇದೆ. ಕತ್ತರಿಸಿದ್ದು ನಾನು.

ನಾನು ಅಡಾಪ್ಟರ್ ಕತ್ತರಿಸುವ ಸಾಫ್ಟ್‌ವೇರ್ ಕಟ್‌ಅಡಾಪ್ಟ್‌ಗೆ ‘10 ಎ ಇರುವ ಅಡಾಪ್ಟರ್, 3-ತುದಿಯದು’ (ಅಂದರೆ ಓದಿನ ಕೊನೆ ಕಡೆಯದು) ಅಂತ ಕೊಟ್ಟಿದ್ದೆ.

ಕುಂದಾಪ್ರಿಯೆ, ಬುಧವಾರ ರಾತ್ರಿ 8:05

ಸಿಟ್ಟು ಯಾಕೆ, ತಪ್ಪಿದೆ ಅಂದರೆ ತಪ್ಪಿದೆ. ನಾನು ಗ್ರಾಫ್ ಕೇಳದೆ ಹೇಳಿಬಿಟ್ಟೆ. ನಿಮ್ಮ ಈ ಕೊನೆಯ ವಾಕ್ಯದಲ್ಲಿ ಉತ್ತರ ಇದೆ, ನೋಡಿ.

ಕಟ್‌ಅಡಾಪ್ಟ್‌ಗೆ 3-ತುದಿಯ ಅಡಾಪ್ಟರ್ ಅಂತ ಏನಾದರೂ ಕೊಟ್ಟರೆ, ಅದು ಎಡದಿಂದ ಮೊದಲು ಸಿಕ್ಕ ಜಾಗದಿಂದ ಕೊನೆಯವರೆಗೆ ಎಲ್ಲವನ್ನೂ ಕಿತ್ತು ಬಿಸಾಕುತ್ತದೆ. ನಾವು ಏನೂ ಹೇಳದಿದ್ದರೆ ನೂರಕ್ಕೆ 10ರಷ್ಟು ತಪ್ಪನ್ನು ಒಪ್ಪಿಕೊಳ್ಳುತ್ತದೆ. 10 ‘ಎ’ಗೆ ಒಂದು ತಪ್ಪು ಮಾಫಿ.

ಈಗ ಕೆ-ಖಂಡದ ಒಳಗೆ ಐಸೋಲ್ಯೂಸಿನ್, ಲೈಸಿನ್, ಗ್ಲುಟಾಮಿಕ್ ಆಮ್ಲ, ಲೈಸಿನ್ ಒಂದರ ಪಕ್ಕ ಒಂದು ಬರುತ್ತವೆ. ಅವುಗಳ ಕೋಡಾನ್ ಎಟಿಎ, ಎಎಎ, ಜಿಎಎ, ಎಎಎ ಅಂತ ಬಿದ್ದರೆ ಏನಾಗುತ್ತದೆ? ಆ ಒಂದು ‘ಟಿ’ ಆದಮೇಲೆ ಬರೆದು ನೋಡಿ: ನಾಲ್ಕು ‘ಎ’, ಒಂದು ‘ಜಿ’, ಐದು ‘ಎ’. ಒಟ್ಟು ಹತ್ತು, ತಪ್ಪು ಒಂದೇ. ಕಟ್‌ಅಡಾಪ್ಟ್ ಲೆಕ್ಕದಲ್ಲಿ ಇದು ಅಪ್ಪಟ ಬಾಲ. ಹುಲ್ಲಿನ ಜಾತಿಯ ಬೆಳೆಗಳಲ್ಲಿ ಲೈಸಿನ್‌ಗೆ ಎಎಜಿ ಜಾಸ್ತಿ ಬರುತ್ತದೆ, ಅದಕ್ಕೇ ಎಲ್ಲಾ ಡಿಹೈಡ್ರಿನ್‌ಗಳಿಗೂ ಹೀಗಾಗಲ್ಲ. ನಿಮ್ಮದಕ್ಕೆ ಆಯಿತು.

ತೆನೆ ಮುರಿಯಲು ಹೋಗಿ ಕಣಿಕೆಯನ್ನು ಬುಡಕ್ಕೇ ಕಡಿದಿರಿ.

ಈಗ ಹೀಗೆ ಮಾಡಿ. ಮೊದಲು ಗುಣಮಟ್ಟ. ಫ್ರೆಡ್ ಅಂಕ 20 ಅಂದರೆ ನೂರು ಅಕ್ಷರಕ್ಕೆ ಒಂದು ತಪ್ಪು, ಅದಕ್ಕಿಂತ ಕೆಳಗಿನ ತುದಿ ತೆಗೆಯಿರಿ. ಆಮೇಲೆ ವೆಕ್ಟರ್, ಅಡಾಪ್ಟರ್. ಬಾಲ ಕೊನೆಗೆ. ಈ ಕ್ರಮ ಯಾಕೆಂದರೆ ನಿಮ್ಮ ಟಿ3 ಓದಿನಲ್ಲಿ ಬಾಲದ ಹಿಂದೆ ಎಕ್ಸ್‌ಹೋ ಮತ್ತು ವೆಕ್ಟರ್ ಕೂತಿರುತ್ತವೆ. ಅವು ಹೋಗುವವರೆಗೆ ಬಾಲ ತುದಿಗೆ ಬರಲ್ಲ. ಅವು ಹೋದಮೇಲೆ ತುದಿಯಿಂದ ಒಳಗೆ ಬರುತ್ತಾ ‘ಎ’ ತೆಗೆಯಬೇಕು, ಎಡದಿಂದ ಹುಡುಕಬಾರದು. ಕಟ್‌ಅಡಾಪ್ಟ್‌ನ ಹೊಸ ಆವೃತ್ತಿಗಳಲ್ಲಿ ಪಾಲಿ-ಎಗೆ ಅಂತಲೇ ಬೇರೆ ಆಯ್ಕೆ ಇದೆ, ಅದು ತುದಿಯಿಂದಲೇ ನೋಡುತ್ತದೆ. ಎಂಬಾಸ್ ಅನ್ನೋ ಸಾಫ್ಟ್‌ವೇರ್ ಗುಂಪಿನ ಟ್ರಿಮ್‌ಇಎಸ್‌ಟಿ ಕೂಡ ಬಾಲ ತೆಗೆಯಲು ಅಂತಲೇ ಬರೆದದ್ದು.

ಇಳಕಲ್_ಸೆರಗು, ಬುಧವಾರ ರಾತ್ರಿ 8:50

ಇದು ನನಗೂ ಹೊಸದು. ನನ್ನ ಹಳೇ ಸ್ಕ್ರಿಪ್ಟಿನಲ್ಲೂ ಅದೇ ಸಾಲು ಇದೆ, ಈಗಷ್ಟೇ ತೆಗೆದು ನೋಡಿದೆ. ಲೈಸಿನ್ ಜಾಸ್ತಿ ಇರುವ ಎಷ್ಟು ಪ್ರೋಟೀನುಗಳ ಕುತ್ತಿಗೆ ಕೊಯ್ದಿದ್ದೀನೋ ದೇವರಿಗೇ ಗೊತ್ತು. ಡಿಎನ್‌ಎ ಸುತ್ತಿಡುವ ಪ್ರೋಟೀನುಗಳಾದ ಹಿಸ್ಟೋನ್‌ಗಳೂ ಇದ್ದವು ಅದರಲ್ಲಿ.

ಸಂಶಯರಾಯ, ಬುಧವಾರ ರಾತ್ರಿ 9:30

ಹಿಸ್ಟೋನ್‌ಗೆ ಪಾಲಿ-ಎ ಬಾಲವೇ ಇರಲ್ಲ ಅಂತಾರಲ್ಲ?

ಹಳೆಜೆಲ್, ಗುರುವಾರ ಬೆಳಗ್ಗೆ 7:15

ಅದೂ ಪ್ರಾಣಿಗಳ ಪಾಠನೇ. ಗಿಡಗಳ ಹಿಸ್ಟೋನ್‌ಗೆ ಬಾಲ ಇರ್ತದೆ. ನೀನು ಯಾವ ಪುಸ್ತಕ ಓದ್ತೀಯಪ್ಪಾ, ಪೂರ್ತಿ ಇಲಿ-ಮನುಷ್ಯರದೇ ಇದ್ದಂಗಿದೆ.

ಅಂಗಮಾರಿ (ಬಾಗಲಕೋಟೆ), ಗುರುವಾರ ಮಧ್ಯಾಹ್ನ 1:20

ನಡುವೆ ಬಂದದ್ದಕ್ಕೆ ಕ್ಷಮಿಸಿ. ದುಂಡಾಣು ಅಂಗಮಾರಿ ತಗುಲಿದ ದಾಳಿಂಬೆ ಎಲೆಯಿಂದ ಆರ್‌ಎನ್‌ಎ ತೆಗೆದು ‘ಟಿ’ ಪ್ರೈಮರ್ ಹಾಕಿ ಸಿಡಿಎನ್‌ಎ ಮಾಡಿದ್ದೇವೆ. ಗಿಡದ ಜೀನ್ ಸಿಗುತ್ತಿವೆ, ದುಂಡಾಣುವಿನವು ಬರುತ್ತಲೇ ಇಲ್ಲ. ರೋಗ ಕಣ್ಣಿಗೆ ಕಾಣುತ್ತಿದೆ!

ಇಳಕಲ್_ಸೆರಗು, ಗುರುವಾರ ಮಧ್ಯಾಹ್ನ 1:45

ಬರಲ್ಲ ರೀ. ದುಂಡಾಣುಗಳ ಎಂಆರ್‌ಎನ್‌ಎಗೆ ಇಂಥ ಉದ್ದನೆ, ಗಟ್ಟಿ ಬಾಲ ಇರಲ್ಲ. ಅಲ್ಲಿ ‘ಎ’ ಅಂಟಿಸುವುದೇ ಬಹುತೇಕ ಒಡೆದುಹಾಕಲು. ರ‍್ಯಾಂಡಮ್ ಪ್ರೈಮರ್ (ಎಲ್ಲಿಯಾದರೂ ಕೂರುವಂಥದ್ದು) ಹಾಕಿ, ರೈಬೋಸೋಮಿನ ಆರ್‌ಎನ್‌ಎ ತೆಗೆಯುವ ದಾರಿ ನೋಡಿ. ಬೇರೆ ಚರ್ಚೆ ಶುರುಮಾಡಿ, ಅಲ್ಲೇ ಬರುತ್ತೇನೆ.

ಸಂಶಯರಾಯ, ಗುರುವಾರ ಸಂಜೆ 6:00

ಕೊನೇ ಪ್ರಶ್ನೆ, ಬೈಯಬೇಡಿ. ಈಗಿನ ಕಾಲದಲ್ಲಿ 96 ಕ್ಲೋನ್ ಯಾರು ಓದಿಸುತ್ತಾರೆ? ಉದ್ದ ಓದಿನ ಯಂತ್ರಗಳಿವೆಯಲ್ಲ. ಈ ಬಾಲ, ಕೊಂಡಿ ತಲೆನೋವು ಅಲ್ಲಿ ಇಲ್ಲ ತಾನೇ?

ಕುಂದಾಪ್ರಿಯೆ, ಗುರುವಾರ ರಾತ್ರಿ 8:30

ಅಲ್ಲೂ ಇದೇ ಕಥೆ, ಯಂತ್ರ ಮಾತ್ರ ದುಬಾರಿ. ಪ್ಯಾಕ್‌ಬಯೋ ಕಂಪನಿಯ ಉದ್ದ ಓದಿನ ವಿಧಾನ ಐಸೋ-ಸೀಕ್‌ನಲ್ಲಿ ಎರಡೂ ತುದಿಯ ಪ್ರೈಮರ್ ಕಂಡು, ‘ಪಾಲಿ-ಎ ಬೇಕೇಬೇಕು’ ಅನ್ನೋ ಆಯ್ಕೆ ಹಾಕಿದಾಗ ಕನಿಷ್ಠ 20 ‘ಎ’ ಸಿಕ್ಕಿ, ನಡುವೆ ಕೊಂಡಿ ಇಲ್ಲದಿದ್ದರೆ ಮಾತ್ರ ಅದನ್ನು ‘ಪೂರ್ಣ, ಜೋಡಿಯಾಗದ’ ಓದು ಅಂತ ಒಪ್ಪುತ್ತಾರೆ. ನಮ್ಮ ಹಳೆಜೆಲ್ ಸರ್ ಕಣ್ಣಲ್ಲಿ ನೋಡಿದ್ದನ್ನೇ ಸಾಫ್ಟ್‌ವೇರ್ ನೋಡುತ್ತದೆ. ಬಾಲ ನಿಜವಾಗಿ ಎಷ್ಟುದ್ದ ಅಂತ ಅಳೆಯಬೇಕಾದರೆ ನ್ಯಾನೋಪೋರ್ ಯಂತ್ರದಲ್ಲಿ ಆರ್‌ಎನ್‌ಎಯನ್ನೇ ನೇರ ಓದಿಸುವ ದಾರಿ ಇದೆ.

ಎರೆಹೊಲ, ಮುಂದಿನ ಬುಧವಾರ ರಾತ್ರಿ 9:15

ಬಿ7ನ ಟಿ7 ಓದು ಇವತ್ತು ಬಂತು. ಸಿಟಿಸಿಜಿಎಜಿ ಆದಮೇಲೆ ‘ಟಿ’ ಇಲ್ಲ. ಎಎಜಿಸಿಟಿಟಿ-ಜಿಎಟಿಎಟಿಸಿ-ಜಿಎಎಟಿಟಿಸಿ-ಜಿಜಿಸಿಎಸಿಜಿಎಜಿ, ಆಮೇಲೆ ಎರಡನೇ ಜೀನಿನ ತಲೆ. ಅಕ್ಕ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಬಿ7 ಅನ್ನು ಎರಡು ಫೈಲಾಗಿ ಒಡೆದಿದ್ದೇನೆ, ಎರಡೂ ಒಳ್ಳೆಯ ಜೀನ್‌ಗಳೇ.

ಇ4 ಈಗ ಇಡಿಯಾಗಿದೆ. ಗೈಡ್‌ಗೆ ತೋರಿಸಿದೆ. ‘ಮೊದಲೇ ಯಾಕೆ ತೋರಿಸಲಿಲ್ಲ’ ಅಂದರು.

ಇನ್ನೊಂದೇ ಉಳಿದಿದೆ. ಆ ಟಿ7 ಸಾಲಿನ ಎರಡರಲ್ಲಿ ಒಂದು, ಎಫ್10. ಅದರಲ್ಲಿ ‘ಎ’ ಸಾಲೂ ಇಲ್ಲ, ‘ಟಿ’ ಸಾಲೂ ಇಲ್ಲ, ಬ್ಲಾಸ್ಟ್ ಹಾಕಿ ಹೋಲಿಕೆ ಹುಡುಕಿದರೆ ಜೋಳದ್ದೇನೂ ಸಿಗುತ್ತಿಲ್ಲ. ಹೊಸ ಜೀನ್ ಇರಬಹುದಾ?

ಹಳೆಜೆಲ್, ಮುಂದಿನ ಬುಧವಾರ ರಾತ್ರಿ 9:22

ಜಿಎಟಿಎಟಿಸಿ ಇದೆಯಾ?

ಎರೆಹೊಲ, ಮುಂದಿನ ಬುಧವಾರ ರಾತ್ರಿ 9:31

ಇದೆ. ಪಕ್ಕದಲ್ಲೇ ಜಿಎಎಟಿಟಿಸಿ. ಅಡಾಪ್ಟರ್ ಇಲ್ಲ.

ಹಳೆಜೆಲ್, ಮುಂದಿನ ಬುಧವಾರ ರಾತ್ರಿ 9:32

ಖಾಲಿ ಡಬ್ಬಿ, ತಮ್ಮಾ. ಊಟ ಮಾಡಿ ಮಲಗು.